ಬೆಳಗಿನ ಜಾವ ಮೂರು ಗಂಟೆಯ ವೈಫೈ

2017ರ ಜುಲೈ ಕೊನೆಯ ವಾರದಲ್ಲಿ ಕರ್ನಾಟಕದ ಸಾವಿರಾರು ಮನೆ, ಅಂಗಡಿ, ಕಚೇರಿಗಳ ಬಿಎಸ್‌ಎನ್‌ಎಲ್ ಮೋಡೆಮ್‌ಗಳು ಕೈಕೊಟ್ಟವು. ಮಳೆಗಾಲದಲ್ಲಿ ಲೈನ್ ಹೋಗುವುದು ನಮಗೇನೂ ಹೊಸದಲ್ಲ. ಆದರೆ ಆ ಸಲದ ಕಾರಣ ಕಂಬದಲ್ಲೂ ಇರಲಿಲ್ಲ, ಕೇಬಲ್ಲಿನಲ್ಲೂ ಇರಲಿಲ್ಲ. ಕಾರ್ಖಾನೆಯಿಂದ ಬಂದಾಗಿನ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳನ್ನು ಒಂದು ಕುತಂತ್ರಾಂಶ ಹುಡುಕಿ ಹುಡುಕಿ ಕೆಡಿಸಿತ್ತು. ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ಕೊಟ್ಟಿತು. ದೇಶದಲ್ಲಿ ಒಟ್ಟು 60,000ಕ್ಕೂ ಹೆಚ್ಚು ಮೋಡೆಮ್‌ಗಳಿಗೆ ಏಟು ಬಿದ್ದಿದೆ ಎಂದು ಆಗ ವರದಿಯಾಯಿತು. ಇದು ನನ್ನದೇ ಕೆಲಸ ಎಂದು ಹೇಳಿಕೊಂಡವನು ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶದ ಕರ್ತೃ. ಆ ಬಾಟ್ ಅನ್ನು ಭದ್ರತಾ ಸಂಸ್ಥೆ ರಾಡ್‌ವೇರ್ ಅದೇ ವರ್ಷದ ಏಪ್ರಿಲ್‌ನಲ್ಲಿ ಗುರುತಿಸಿತ್ತು. ಅದು ಕದಿಯುತ್ತಿರಲಿಲ್ಲ, ಕದ್ದು ಕೇಳುತ್ತಿರಲಿಲ್ಲ. ಸಾಧನದ ಒಳಗಿನ ಫ್ಲಾಷ್ ಮೆಮೊರಿಯ ಮೇಲೆ ಕಸ ಬರೆದು, ಅದನ್ನು ಇಟ್ಟಿಗೆಯಷ್ಟೇ ನಿರುಪಯೋಗಿಯಾಗಿಸುವುದೇ ಅದರ ಉದ್ದೇಶವಾಗಿತ್ತು.

ಕೆಲವು ದಿನಗಳ ಸುದ್ದಿಯಾಗಿ ಅದು ಮುಗಿಯಿತು. ಮುಗಿಯಬಾರದಿತ್ತು ಎನ್ನುವುದು ನನ್ನ ಅಭಿಪ್ರಾಯ. ಆಗ ಆ ಮೋಡೆಮ್ ಡಬ್ಬಿ ಸತ್ತರೆ ಫೇಸ್‌ಬುಕ್ ನಿಲ್ಲುತ್ತಿತ್ತು. ಈಗ ನಿಲ್ಲುವುದು ದುಡಿಮೆ. ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಲ್ಲಿ ಈ ವ್ಯತ್ಯಾಸ ಬೆಂಗಳೂರಿಗಿಂತ ದೊಡ್ಡದು. ಏಕೆಂದರೆ ಬೆಂಗಳೂರಿನ ಕಚೇರಿಯಲ್ಲಿ ಡಬ್ಬಿ ನೋಡಿಕೊಳ್ಳಲು ಸಂಬಳದ ಮನುಷ್ಯನೊಬ್ಬ ಇರುತ್ತಾನೆ. ಇಲ್ಲಿ ಯಾರೂ ಇಲ್ಲ.

2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ನಡೆದ ಸಭೆಯಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹೊರದೇಶದ, ಹೊರರಾಜ್ಯದ ಪ್ರವಾಸಿ ರೂಮ್ ಕೇಳುವಾಗ ಬಿಸಿನೀರಿನ ಜೊತೆಗೇ ವೈಫೈ ಇದೆಯೇ ಎಂದೂ ಕೇಳುತ್ತಾನೆ. ಹಾಗಾಗಿ ಬೇಲೂರಿನಿಂದ ಹಳೇಬೀಡಿಗೆ ಹೋಗುವ 16 ಕಿಲೋಮೀಟರ್ ಹಾದಿಯ ಲಾಡ್ಜು, ಹೋಂಸ್ಟೇ, ಹೋಟೆಲುಗಳ ಚಾವಣಿಯಲ್ಲೆಲ್ಲ ಬಿಳಿ ತಟ್ಟೆಯಾಕಾರದ ಆಕ್ಸೆಸ್ ಪಾಯಿಂಟ್‌ಗಳು ಕೂರತೊಡಗಿವೆ. ಅದೇ ಜಾಲದ ಮೇಲೆ ಸಿಸಿ ಕ್ಯಾಮೆರಾ, ಬುಕಿಂಗ್ ಆ್ಯಪ್, ಬಿಲ್ಲಿಂಗ್ ಕಂಪ್ಯೂಟರ್, ಮಾಲೀಕರ ಮಗಳ ಆನ್‌ಲೈನ್ ಕೋಚಿಂಗ್ ಎಲ್ಲ ನಡೆಯುತ್ತವೆ. ಅರಸೀಕೆರೆಯ ಚಿತ್ರ ಬೇರೆ. ಅದು ತೆಂಗಿನ ಸೀಮೆ. 2014ರಿಂದ ರಾಜ್ಯದ ಎಪಿಎಂಸಿಗಳಿಗೆ ಬಂದ ಏಕೀಕೃತ ಮಾರುಕಟ್ಟೆ ವೇದಿಕೆಯಿಂದ ಇಂಥ ಊರುಗಳಲ್ಲಿ ಕೊಬ್ಬರಿಯ ಬೆಲೆ ನಿಲ್ಲುವುದು ಇ-ಟೆಂಡರಿನ ಪರದೆಯ ಮೇಲೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನದ ಕಡೆ ಕವಲೊಡೆಯುವ ಜಂಕ್ಷನ್ ಬೇರೆ ಅದು. ದೇಶದ 6,000ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ರೈಲ್‌ಟೆಲ್ ಸಂಸ್ಥೆಯ ರೈಲ್‌ವೈರ್ ವೈಫೈ ಇದೆ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯ ಪ್ರಕಾರ ಯಾವ ಲೈಸೆನ್ಸೂ ಇಲ್ಲದೆ, ಶುಲ್ಕವೂ ಇಲ್ಲದೆ ಒಬ್ಬ ಟೀ ಅಂಗಡಿಯವರೂ ಸಾರ್ವಜನಿಕ ವೈಫೈ ಕೊಡಬಹುದು. ಕೇಂದ್ರದ ಗ್ರಾಮೀಣ ಇಂಟರ್ನೆಟ್ ಯೋಜನೆಯಾದ ಭಾರತ್‌ನೆಟ್‌ನ ಕೇಬಲ್ ಪಂಚಾಯಿತಿವರೆಗೆ ಬಂದಿದೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಿಂದ ಪರೀಕ್ಷಾ ಕೊಠಡಿಗಳ ಕ್ಯಾಮೆರಾ ದೃಶ್ಯ ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳ ಮುಂದೆ ಬರುತ್ತಿದೆ.

ಇವೆಲ್ಲ ಒಳ್ಳೆಯದೇ. ನನ್ನ ತಕರಾರು ಒಂದೇ. ಡಬ್ಬಿ ಕೂರಿಸಲು ಟೆಂಡರ್ ಇದೆ, ಬಿಲ್ ಇದೆ, ಉದ್ಘಾಟನೆಯ ಫೋಟೊ ಇದೆ. ಕೂರಿಸಿದ ಮೇಲೆ ಅದರ ಒಳಗಿನ ತಂತ್ರಾಂಶಕ್ಕೆ ಯಾರು ಹೊಣೆ ಎಂಬ ಸಾಲು ಮಾತ್ರ ಎಲ್ಲೂ ಇಲ್ಲ. “ಅಣ್ಣ, ಬೆಳಗ್ಗೆಯಿಂದ ನೆಟ್ ಬರ್ತಿಲ್ಲ” ಎಂದು ಕೇಬಲ್‌ನವರಿಗೆ ಫೋನ್ ಮಾಡಿದರೆ “ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅಕ್ಕ” ಎಂಬ ಉತ್ತರ ಬರುತ್ತದೆ. ನೂರಕ್ಕೆ ತೊಂಬತ್ತು ಸಲ ಅದು ಸರಿಯಾದ ಉತ್ತರವೂ ಹೌದು. ನಾನು ಹೇಳಹೊರಟಿರುವುದು ಉಳಿದ ಹತ್ತರ ಬಗ್ಗೆ.

ಆಕ್ಸೆಸ್ ಪಾಯಿಂಟ್ ಅಂದರೆ ರೇಡಿಯೊ ಜೋಡಿಸಿದ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ಬಹುಪಾಲು ಡಬ್ಬಿಗಳಲ್ಲಿ ಲಿನಕ್ಸ್ ಇದೆ. ಈ ಇಡೀ ವ್ಯವಸ್ಥೆಯನ್ನು ಫ್ಲಾಷ್ ಮೆಮೊರಿಯಲ್ಲಿ ಬರೆದಿಟ್ಟಿರುತ್ತಾರೆ. ಅದೇ ಫರ್ಮ್‌ವೇರ್. ಕರೆಂಟ್ ಬಂದೊಡನೆ ಬೂಟ್‌ಲೋಡರ್ ಎಂಬ ಸಣ್ಣ ತುಣುಕು ಎದ್ದು ಈ ಫರ್ಮ್‌ವೇರನ್ನು ಹುಡುಕಿ ಓಡಿಸುತ್ತದೆ. ಅಪ್‌ಗ್ರೇಡ್ ಎಂದರೆ ಹಳೆಯ ಬರಹವನ್ನು ತುಂಡು ತುಂಡಾಗಿ ಅಳಿಸಿ ಹೊಸದನ್ನು ಬರೆಯುವುದು. ನಿಮಿಷಗಳ ಕೆಲಸ. ಆದರೆ ಆ ನಿಮಿಷಗಳಲ್ಲಿ ಡಬ್ಬಿ ಹಳೆಯದೂ ಅಲ್ಲ, ಹೊಸದೂ ಅಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ದುಬಾರಿ ಡಬ್ಬಿಗಳಲ್ಲಿ ಫ್ಲಾಷ್ ದೊಡ್ಡದು. ಅದರಲ್ಲಿ ಫರ್ಮ್‌ವೇರಿನ ಎರಡು ಪ್ರತಿಗಳಿಗೆ ಜಾಗವಿರುತ್ತದೆ. ಹೊಸದನ್ನು ಖಾಲಿ ಜಾಗದಲ್ಲಿ ಬರೆದು, ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಅದರತ್ತ ಹೊರಳುತ್ತದೆ. ಹೊಸದು ಏಳದಿದ್ದರೆ ಹಳೆಯದಕ್ಕೆ ಮರಳುತ್ತದೆ. ಅಗ್ಗದ ಡಬ್ಬಿಯಲ್ಲಿ ಆ ಸೌಕರ್ಯ ಇಲ್ಲ. ನಮ್ಮಲ್ಲಿ ಬಹಳ ಮಾರಾಟವಾದ ಟಿಪಿ-ಲಿಂಕ್ ಡಬ್ಲ್ಯುಆರ್841ಎನ್ ರೌಟರಿನ ಹಳೆಯ ಆವೃತ್ತಿಗಳಲ್ಲಿ ಫ್ಲಾಷ್ ಬರೀ 4 ಎಂಬಿ. ಒಂದು ಪ್ರತಿಗೇ ಇಕ್ಕಟ್ಟು. ಅದನ್ನು ಅಪ್‌ಗ್ರೇಡ್ ಮಾಡುವಾಗ ಹಳೆಯ ಪ್ರತಿಯ ಮೇಲೆಯೇ ಬರೆಯಬೇಕು. ನಡುವೆ ಕರೆಂಟ್ ಹೋದರೆ ಮುಗಿಯಿತು. ಆನ್ ಮಾಡಿದರೆ ದೀಪ ಮಿನುಗುತ್ತದೆ, ವೈಫೈ ಹೆಸರು ಮಾತ್ರ ಮೊಬೈಲಿನಲ್ಲಿ ಕಾಣುವುದಿಲ್ಲ.

ಈಗ ಸ್ವಯಂಚಾಲಿತ ಅಪ್‌ಗ್ರೇಡಿನ ವಿಷಯಕ್ಕೆ ಬರೋಣ. ಈಚಿನ ಡಬ್ಬಿಗಳಲ್ಲಿ, ಅವುಗಳನ್ನು ಕ್ಲೌಡ್‌ನಿಂದ ನಡೆಸುವ ಕಂಟ್ರೋಲರ್‌ಗಳಲ್ಲಿ ‘ಆಟೊ ಅಪ್‌ಡೇಟ್’ ಎಂಬ ಗುಂಡಿ ಇರುತ್ತದೆ. ಸಮಯ ಸಾಮಾನ್ಯವಾಗಿ ಬೆಳಗಿನ ಜಾವ ಎರಡರಿಂದ ನಾಲ್ಕರ ನಡುವೆ. ಆ ಹೊತ್ತಿಗೆ ಎಲ್ಲರೂ ಮಲಗಿರುತ್ತಾರೆ ಎಂಬ ಲೆಕ್ಕ. ಈ ಲೆಕ್ಕ ಹಾಕಿದವರು ಕರೆಂಟ್ ಹೋಗದ ಊರಿನವರು. ನಮ್ಮ ಕಡೆ ಪಂಪ್‌ಸೆಟ್‌ಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುವುದು ಸರ್ಕಾರದ ನೀತಿ. ಅದರಲ್ಲಿ ಒಂದಷ್ಟು ಪಾಳಿ ರಾತ್ರಿಯದು. ಪಾಳಿ ಬದಲಾಗುವಾಗ ಸಪ್ಲೈ ಹೋಗಿ ಬರುವುದು, ಮೋಟರ್‌ಗಳು ಒಟ್ಟಿಗೇ ಎದ್ದಾಗ ವೋಲ್ಟೇಜ್ ಕುಸಿಯುವುದು ಹಳ್ಳಿಯ ಯಾರಿಗಾದರೂ ಗೊತ್ತು. ಅರಸೀಕೆರೆ ಸ್ಟೇಷನ್ನಿನಲ್ಲಂತೂ ಬೆಳಗಿನ ಜಾವ ಮೂರು ಗಂಟೆ ಅಂದರೆ ರೈಲಿನ ಹೊತ್ತು, ಯಾರೂ ಇಲ್ಲದ ಹೊತ್ತಲ್ಲ.

ಹಾಗಾದರೆ ಆಟೊ ಅಪ್‌ಡೇಟ್ ಆಫ್ ಮಾಡಿಬಿಟ್ಟರೆ ಆಯಿತಲ್ಲ? ಬಹುಪಾಲು ಜನ ಮಾಡಿರುವುದೂ ಅದನ್ನೇ. ಇಲ್ಲವೇ ಆ ಗುಂಡಿಯೇ ಇಲ್ಲದ ಡಬ್ಬಿ ಕೊಂಡಿದ್ದಾರೆ. ಅಪ್‌ಡೇಟ್ ಇಲ್ಲದಿರುವುದಕ್ಕೆ ತೆರಬೇಕಾದ ಬೆಲೆ ಏನೆಂದು ಕಳೆದ ಹತ್ತು ವರ್ಷದ ದಾಖಲೆಗಳು ಹೇಳುತ್ತವೆ.

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆ ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿಯನ್ನಷ್ಟೇ ಇಟ್ಟುಕೊಂಡು ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶಕ್ಕೆ ತೆಗೆದುಕೊಂಡಿತು. ಅದೇ ವರ್ಷದ ನವೆಂಬರ್ 27ರಂದು ಅದರ ಒಂದು ತಳಿ ಜರ್ಮನಿಯಲ್ಲಿ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ರೌಟರ್‌ಗಳನ್ನು ಕೆಡಿಸಿತು. ದೂರದಿಂದ ಸೇವೆ ಕೊಡಲು ಕಂಪನಿಗಳೇ ತೆರೆದಿಟ್ಟಿರುವ 7547ನೇ ಪೋರ್ಟ್ ಅದರ ಬಾಗಿಲು. ಮರುವರ್ಷ ಭಾರತದ ಮೋಡೆಮ್‌ಗಳ ಪ್ರಕರಣದಲ್ಲೂ ಇದೇ ಬಾಗಿಲಿನ ಹೆಸರು ಕೇಳಿಬಂತು. ಆದರೆ ಜರ್ಮನಿಯವರು ಹೊಸ ಫರ್ಮ್‌ವೇರ್ ತಯಾರಿಸಿ ದೂರದಿಂದಲೇ ಕಳಿಸಿದರು. ಗ್ರಾಹಕರು ಮಾಡಬೇಕಾಗಿದ್ದದ್ದು ಪ್ಲಗ್ ತೆಗೆದು ಮತ್ತೆ ಹಾಕುವುದಷ್ಟೇ. ಅಪ್‌ಡೇಟಿನ ದಾರಿ ಜೀವಂತವಾಗಿದ್ದರೆ ಇಷ್ಟು ದೊಡ್ಡ ಪೆಟ್ಟನ್ನೂ ಕೆಲವು ದಿನಗಳಲ್ಲಿ ಸುಧಾರಿಸಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೈಕ್ರೋಟಿಕ್ ಕಥೆ ನಮಗೆ ಇನ್ನೂ ಹತ್ತಿರದ್ದು. ಸಣ್ಣ ಊರಿನ ಕೇಬಲ್ ಇಂಟರ್ನೆಟ್‌ನವರು, ಹೋಟೆಲಿನವರು ಬಹಳವಾಗಿ ನೆಚ್ಚಿಕೊಂಡಿರುವ ರೌಟರ್ ಅದು. 2018ರ ಏಪ್ರಿಲ್‌ನಲ್ಲಿ ಅದರಲ್ಲಿ ಪಾಸ್‌ವರ್ಡ್ ಸೋರುವ ದೋಷ ಕಂಡುಬಂತು. ತಯಾರಕರು ಕೂಡಲೇ ತಿದ್ದುಪಡಿ ಬಿಟ್ಟರು. ಹಾಕಿಕೊಂಡವರು ಕಡಿಮೆ. ಜುಲೈ–ಆಗಸ್ಟ್ ಹೊತ್ತಿಗೆ ಬ್ರೆಜಿಲ್‌ನಿಂದ ಶುರುವಾಗಿ ಒಂದೂವರೆ ಲಕ್ಷಕ್ಕೂ ಹೆಚ್ಚು ರೌಟರ್‌ಗಳು ಕಳ್ಳರ ಕೈಸೇರಿದ್ದವು. ಅವುಗಳ ಹಿಂದೆ ಕುಳಿತು ಇಂಟರ್ನೆಟ್ ನೋಡುವವರ ಕಂಪ್ಯೂಟರಿನಿಂದ ಅವರಿಗೇ ಗೊತ್ತಿಲ್ಲದಂತೆ ಕ್ರಿಪ್ಟೊ ಹಣದ ಗಣಿಗಾರಿಕೆ ಮಾಡಿಸಲಾಗುತ್ತಿತ್ತು. ಭಾರತದ ರೌಟರ್‌ಗಳೂ ಆ ಪಟ್ಟಿಯಲ್ಲಿದ್ದವು. ಮೂರು ವರ್ಷ ಬಿಟ್ಟು, 2021ರ ಸೆಪ್ಟೆಂಬರ್‌ನಲ್ಲಿ, ರಷ್ಯಾದ ಇಂಟರ್ನೆಟ್ ಕಂಪನಿ ಯಾಂಡೆಕ್ಸ್ ಮೇಲೆ ಸೆಕೆಂಡಿಗೆ 2.18 ಕೋಟಿ ಕೋರಿಕೆಗಳ ದಾಳಿಯಾಯಿತು. ದಾಳಿ ಬಂದದ್ದು ಮತ್ತೆ ಮೈಕ್ರೋಟಿಕ್ ರೌಟರ್‌ಗಳಿಂದ. ಇವು 2018ರಲ್ಲೇ ಕೈತಪ್ಪಿದ ರೌಟರ್‌ಗಳು ಎಂದು ತಯಾರಕರು ವಿವರಿಸಿದರು. ಆಮೇಲೆ ಫರ್ಮ್‌ವೇರ್ ಹೊಸದು ಹಾಕಿಕೊಂಡವರೂ ಅವರಲ್ಲಿದ್ದರು, ಪಾಸ್‌ವರ್ಡ್ ಮಾತ್ರ ಬದಲಾಯಿಸಿರಲಿಲ್ಲ. ಕದ್ದ ಬೀಗದಕೈ ಮೂರು ವರ್ಷವಾದರೂ ಕೆಲಸ ಮಾಡಿತು. ಅಪ್‌ಗ್ರೇಡ್ ಆದ ದಿನವೇ ಪಾಸ್‌ವರ್ಡ್ ಬದಲಾಗಬೇಕು ಎನ್ನುವುದು ಇದರಿಂದ ಬರುವ ನಿಯಮ. ಯಾವ ಸ್ವಯಂಚಾಲಿತ ವ್ಯವಸ್ಥೆಯೂ ಇದನ್ನು ನಿಮ್ಮ ಪರವಾಗಿ ಮಾಡುವುದಿಲ್ಲ.

ನನ್ನನ್ನು ನಿಜವಾಗಿ ಹೆದರಿಸಿದ ಪ್ರಕರಣ 2023ರದ್ದು. ಆ ವರ್ಷದ ಅಕ್ಟೋಬರ್ 25ರಿಂದ 27ರವರೆಗೆ, ಅಂದರೆ 72 ಗಂಟೆಯೊಳಗೆ, ಅಮೆರಿಕದ ಒಂದೇ ಇಂಟರ್ನೆಟ್ ಕಂಪನಿಯ 6 ಲಕ್ಷಕ್ಕೂ ಹೆಚ್ಚು ರೌಟರ್‌ಗಳು ಸತ್ತವು. ಲ್ಯೂಮೆನ್ ಸಂಸ್ಥೆಯ ಸಂಶೋಧಕರು 2024ರ ಮೇ ತಿಂಗಳಲ್ಲಿ ಇದರ ವಿವರ ಹೊರಗಿಟ್ಟರು. ಆ ಜಾಲದಲ್ಲಿದ್ದ ಮೋಡೆಮ್‌ಗಳಲ್ಲಿ ನೂರಕ್ಕೆ 49ರಷ್ಟು ಒಮ್ಮೆಲೇ ಕಣ್ಮರೆಯಾಗಿದ್ದವು. ಚಲುಬೊ ಎಂಬ ಕುತಂತ್ರಾಂಶ ಒಳಹೊಕ್ಕ ಗುರುತುಗಳಿದ್ದವು. ತಂತ್ರಾಂಶದಿಂದ ಯಾವುದನ್ನೂ ಬದುಕಿಸಲಾಗಲಿಲ್ಲ, ಡಬ್ಬಿಗಳನ್ನೇ ಬದಲಾಯಿಸಬೇಕಾಯಿತು. ಇದರಲ್ಲಿ ನಾವು ಗಮನಿಸಬೇಕಾದದ್ದು ಆ ಕಂಪನಿಯ ಗ್ರಾಹಕರು ಯಾರು ಎಂಬುದು. ಅವರಲ್ಲಿ ದೊಡ್ಡದೊಂದು ಪಾಲು ಹಳ್ಳಿಗಾಡಿನವರು. ಕೊಯ್ಲಿನ ಕಾಲದಲ್ಲಿ ರೈತರಿಗೆ ಹೊಲದ ಮೇಲಿನ ದೂರನಿಗಾ ತಪ್ಪಿರಬಹುದು, ಜನರಿಗೆ ತುರ್ತು ಸೇವೆ, ವೈದ್ಯರಿಗೆ ರೋಗಿಯ ದಾಖಲೆ ಸಿಗದೆ ಹೋಗಿರಬಹುದು ಎಂದು ಆ ವರದಿಯೇ ಎಚ್ಚರಿಸಿತು. ಒಂದೇ ಕಂಪನಿ, ಒಂದೆರಡೇ ಮಾದರಿಯ ಡಬ್ಬಿ, ಸಾವಿರಾರು ಹಳ್ಳಿ ಮನೆ. ನಮ್ಮ ತಾಲ್ಲೂಕುಗಳಲ್ಲಿ ಈಗ ತಯಾರಾಗುತ್ತಿರುವುದೂ ಇದೇ ಚಿತ್ರ. ಒಬ್ಬ ಕೇಬಲ್‌ನವರು ಸಗಟಿನಲ್ಲಿ ತಂದ ಒಂದೇ ಜಾತಿಯ ಫೈಬರ್ ಮೋಡೆಮ್ ಇಡೀ ಹೋಬಳಿಗೆ ಹಂಚಿಹೋಗಿರುತ್ತದೆ. ಒಂದಕ್ಕೆ ಬಿದ್ದ ರೋಗ ಎಲ್ಲಕ್ಕೂ ಬೀಳುತ್ತದೆ.

ಸತ್ತ ಡಬ್ಬಿ ಸದ್ದು ಮಾಡುತ್ತದೆ, ಗೊತ್ತಾಗುತ್ತದೆ. ಕೈತಪ್ಪಿಯೂ ಸುಮ್ಮನೆ ಕೆಲಸ ಮಾಡುವ ಡಬ್ಬಿ ಅದಕ್ಕಿಂತ ಅಪಾಯಕಾರಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ, ತಯಾರಕರು ಕೈಬಿಟ್ಟ ಹಳೆಯ ರೌಟರ್‌ಗಳನ್ನು ಬಾಡಿಗೆಗೆ ಬಿಡುತ್ತಿದ್ದ ಎರಡು ಜಾಲಗಳನ್ನು ಮುಚ್ಚಿಸಿತು. ವಂಚಕನೊಬ್ಬ ತಿಂಗಳ ಬಾಡಿಗೆ ಕೊಟ್ಟರೆ ಯಾರದೋ ಮನೆಯ ರೌಟರಿನ ಮೂಲಕ ತನ್ನ ಕೆಲಸ ಮಾಡಬಹುದಿತ್ತು. ಪೊಲೀಸರು ಐಪಿ ವಿಳಾಸ ಹಿಡಿದು ಹೋದರೆ ಸಿಗುವುದು ಆ ಮನೆಯ ಬಾಗಿಲು. ಹಳೇಬೀಡಿನ ಹೋಂಸ್ಟೇ ಮಾಲೀಕರೊಬ್ಬರ ಮನೆಗೆ ಇಂಥ ತನಿಖೆ ಬಂದರೆ ಅವರು ಏನು ತೋರಿಸುತ್ತಾರೆ? ಅತಿಥಿಯೊಬ್ಬ ಮಾಡಿದ್ದೋ, ರೌಟರ್ ಮಾಡಿದ್ದೋ ಎಂದು ಬೇರ್ಪಡಿಸಲು ಬಳಕೆಯ ದಾಖಲೆ, ಅಂದರೆ ಲಾಗ್ ಬೇಕು. ಆ ಡಬ್ಬಿಗಳಲ್ಲಿ ಲಾಗ್ ಉಳಿಯುವುದು ಮುಂದಿನ ಸಲ ಕರೆಂಟ್ ಹೋಗುವವರೆಗೆ.

2025ರ ಜೂನ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ದಾಳಿಕೋರರು ಈಗಾಗಲೇ ಬಳಸುತ್ತಿರುವ ದೋಷಗಳ ತನ್ನ ಪಟ್ಟಿಗೆ ಟಿಪಿ-ಲಿಂಕ್‌ನ 740ಎನ್, 841ಎನ್, 940ಎನ್ ರೌಟರ್‌ಗಳ ಕೆಲವು ಆವೃತ್ತಿಗಳ ಒಂದು ದೋಷವನ್ನು ಸೇರಿಸಿತು. ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಹೇಳಿದ ಪರಿಹಾರವೂ ಸರಳ: ತಿದ್ದುಪಡಿ ಇಲ್ಲದಿದ್ದರೆ ಬಳಸುವುದನ್ನು ನಿಲ್ಲಿಸಿ. ಈ ಮಾದರಿಗಳು ನಮ್ಮ ಊರುಗಳ ಟ್ಯೂಷನ್ ಸೆಂಟರು, ಕಿರಾಣಿ ಅಂಗಡಿ, ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಆರಾಮವಾಗಿ ಓಡುತ್ತಿರುವಂಥವು. ಡಬ್ಬಿ ಹತ್ತು ವರ್ಷ ಬಾಳುತ್ತದೆ. ತಯಾರಕರು ಅದಕ್ಕೆ ಫರ್ಮ್‌ವೇರ್ ಕೊಡುವುದು ಅಷ್ಟು ಕಾಲ ಅಲ್ಲ. ನಮ್ಮಲ್ಲಿ ಕೆಟ್ಟುಹೋಗುವವರೆಗೆ ವಸ್ತು ಬದಲಾಯಿಸುವ ಪದ್ಧತಿ ಇಲ್ಲ. ಅದೊಂದು ಸದ್ಗುಣವೇ, ಈ ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ಅದೇ ತೊಂದರೆ. ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕೆಂದು 2020–21ರಲ್ಲಿ ಕೊಂಡವು, ಯುನೆಸ್ಕೋ ಪಟ್ಟಿಯ ಉತ್ಸಾಹದಲ್ಲಿ 2023–24ರಲ್ಲಿ ಹಾಕಿಸಿದವು, ಇವೆರಡೂ ತಲೆಮಾರಿನ ಅಗ್ಗದ ಡಬ್ಬಿಗಳಿಗೆ ತಯಾರಕರ ಬೆಂಬಲ ನಿಲ್ಲುವುದು ಈ ದಶಕದ ಉಳಿದ ವರ್ಷಗಳಲ್ಲಿ. ಮುಂದಿನ ಹಾನಿ ಬರುವುದು ಈ ದಾರಿಯಲ್ಲೇ ಎಂದು ನಾನು ನಂಬಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ಆಟೊ ಅಪ್‌ಡೇಟ್ ಗುಂಡಿ ಒತ್ತಿ ಮಲಗಿ ಎಂದು ಹೇಳುವಂತಿದ್ದರೆ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಪ್‌ಡೇಟ್ ಕೂಡ ಕೊಲ್ಲುತ್ತದೆ. 2017ರ ಆಗಸ್ಟ್‌ನಲ್ಲಿ ಅಮೆರಿಕದ ಲಾಕ್‌ಸ್ಟೇಟ್ ಕಂಪನಿ ತನ್ನ ವೈಫೈ ಬೀಗಗಳಿಗೆ ದೂರದಿಂದ ಫರ್ಮ್‌ವೇರ್ ಕಳಿಸುವಾಗ ಬೇರೆ ಮಾದರಿಯದನ್ನು ಕಳಿಸಿತು. ಸುಮಾರು 500 ಬೀಗಗಳು ಕೆಟ್ಟವು. ಅವುಗಳಲ್ಲಿ ಹಲವು ಏರ್‌ಬಿಎನ್‌ಬಿ ಮನೆಗಳ ಬಾಗಿಲಿಗಿದ್ದವು. ಅತಿಥಿ ಹೊರಗೆ, ಬೀಗದ ಸಂಕೇತ ಒಳಗೆ. ದೂರದಿಂದ ಸರಿಪಡಿಸಲು ಬರಲಿಲ್ಲ, ಬೀಗದ ಭಾಗವನ್ನೇ ಕಂಪನಿಗೆ ಅಂಚೆಯಲ್ಲಿ ಕಳಿಸಬೇಕಾಯಿತು. 2023ರ ಮೇ ತಿಂಗಳಲ್ಲಿ ಏಸಸ್ ಕಂಪನಿ ತನ್ನ ರೌಟರ್‌ಗಳಿಗೆ ತಾನಾಗಿ ಹೋಗುವ ಒಂದು ಭದ್ರತಾ ಕಡತವನ್ನು ತಪ್ಪಾಗಿ ಕಳಿಸಿ, ಜಗತ್ತಿನಾದ್ಯಂತ ಗ್ರಾಹಕರ ಇಂಟರ್ನೆಟ್ ನಿಲ್ಲಿಸಿತು. ಫರ್ಮ್‌ವೇರ್ ಆಟೊ ಅಪ್‌ಡೇಟ್ ಆಫ್ ಮಾಡಿದ್ದವರೂ ಸಿಕ್ಕಿಬಿದ್ದರು. ಸಿಸ್ಕೋದ ಹಳೆಯ ಆಕ್ಸೆಸ್ ಪಾಯಿಂಟ್‌ಗಳದ್ದು ಇನ್ನೊಂದು ಬಗೆ. ಬಂದ ಫರ್ಮ್‌ವೇರ್ ಅಸಲಿಯೇ ಎಂದು ನೋಡುವ ಪ್ರಮಾಣಪತ್ರದ ಅವಧಿ 2022ರ ಡಿಸೆಂಬರ್ 4ಕ್ಕೆ ಮುಗಿದಿತ್ತು. ಆಮೇಲೆ ಅಪ್‌ಗ್ರೇಡ್ ಮಾಡಹೊರಟವರ ಡಬ್ಬಿಗಳು ಡೌನ್‌ಲೋಡ್ ಹಂತದಲ್ಲೇ ನಿಂತುಬಿಟ್ಟವು. ಕಂಪನಿ ಸೂಚಿಸಿದ ಉಪಾಯಗಳಲ್ಲೊಂದು, ಕಂಟ್ರೋಲರಿನ ಗಡಿಯಾರವನ್ನು ಹಿಂದಿನ ದಿನಾಂಕಕ್ಕೆ ತಿರುಗಿಸಿ ಕೆಲಸ ಮುಗಿಸಿಕೊಳ್ಳುವುದು! 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕಡತ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ಮಲಗಿಸಿದ್ದು ಎಲ್ಲರಿಗೂ ನೆನಪಿದೆ.

ಎರಡೂ ಕಡೆಯ ಸಾಕ್ಷ್ಯ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಅಪ್‌ಡೇಟ್ ಆಗದ ಡಬ್ಬಿಯ ಅಪಾಯ ನಿಧಾನವಾಗಿ ಬಂದರೂ ತಪ್ಪದೆ ಬರುತ್ತದೆ. ಅಪ್‌ಡೇಟ್ ಕೆಟ್ಟು ಆಗುವ ಅಪಾಯ ಅಪರೂಪದ್ದು, ಅದನ್ನು ಕುಗ್ಗಿಸಲು ದಾರಿಗಳೂ ಇವೆ. ಆದ್ದರಿಂದ ಸ್ವಯಂಚಾಲಿತ ಅಪ್‌ಡೇಟ್ ಇರಲಿ, ಆದರೆ ಅದರ ಹೊತ್ತು ಮತ್ತು ಸರದಿ ನಮ್ಮ ಕೈಯಲ್ಲಿರಲಿ.

ಹೊತ್ತಿನ ಮಾತು ಮೊದಲು. ಹೋಂಸ್ಟೇ, ಲಾಡ್ಜುಗಳಿಗೆ ನಾನು ಹೇಳುವುದು ಬೆಳಗಿನ ಜಾವವನ್ನಲ್ಲ, ಹಗಲು ಹನ್ನೊಂದರಿಂದ ಒಂದರ ನಡುವಿನ ಹೊತ್ತನ್ನು. ಹಳೆಯ ಅತಿಥಿಗಳು ಚೆಕ್‌ಔಟ್ ಆಗಿರುತ್ತಾರೆ, ಹೊಸಬರು ಹೊಯ್ಸಳೇಶ್ವರನ ಹೊರಗೋಡೆ ನೋಡುತ್ತಿರುತ್ತಾರೆ. ಕೆಟ್ಟರೆ ನೋಡಲು ಮನೆಯಲ್ಲಿ ಎಚ್ಚರವಿದ್ದವರು ಇರುತ್ತಾರೆ, ಕೇಬಲ್‌ನವರೂ ಫೋನ್ ಎತ್ತುತ್ತಾರೆ. ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಸಾಲುಗಟ್ಟುವ ನವೆಂಬರ್–ಜನವರಿಯಲ್ಲಿ ತುರ್ತಲ್ಲದ ಅಪ್‌ಗ್ರೇಡ್ ಬೇಡ. ಪರೀಕ್ಷಾ ಕೇಂದ್ರವಾಗಿರುವ ಶಾಲೆ-ಕಾಲೇಜುಗಳಲ್ಲಿ ಪರೀಕ್ಷೆಗೆ ಎರಡು ವಾರ ಮೊದಲೇ ಅಪ್‌ಗ್ರೇಡ್ ಮುಗಿಸಿ, ಪರೀಕ್ಷೆ ಮುಗಿಯುವವರೆಗೆ ಆಟೊ ಗುಂಡಿ ಆಫ್ ಇರಲಿ. ಎಪಿಎಂಸಿಯಲ್ಲಿ ಟೆಂಡರ್ ಇರುವ ದಿನ ಯಾರೂ ಏನನ್ನೂ ಮುಟ್ಟಬಾರದು.

ಕರೆಂಟಿನ ಮಾತು ಅದಕ್ಕೆ ಹೊಂದಿಕೊಂಡದ್ದು. ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್‌ಗೆ ಸಾವಿರ-ಎರಡು ಸಾವಿರ ರೂಪಾಯಿ. ಚಾವಣಿಯ ಆಕ್ಸೆಸ್ ಪಾಯಿಂಟ್‌ಗಳಿಗೆ ಬಹುಮಟ್ಟಿಗೆ ನೆಟ್‌ವರ್ಕ್ ತಂತಿಯಲ್ಲೇ ವಿದ್ಯುತ್ ಹೋಗುತ್ತದೆ. ಹಾಗಾಗಿ ಆ ತಂತಿಗಳು ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿಗೆ ಒಂದು ಯುಪಿಎಸ್ ಕೊಟ್ಟರೆ ಎಲ್ಲ ಡಬ್ಬಿಗಳೂ ಬಚಾವು. 4 ಎಂಬಿಯ ಹಳೆಯ ಡಬ್ಬಿಗೆ ಯುಪಿಎಸ್ ಇಲ್ಲದೆ ಅಪ್‌ಗ್ರೇಡ್ ಮಾಡುವುದು ಜೂಜು.

ಸರದಿ ಎಂದರೆ ಎಲ್ಲವನ್ನೂ ಒಟ್ಟಿಗೆ ಮಾಡದಿರುವುದು. ದೊಡ್ಡ ಕಂಪನಿಗಳು ಮೊದಲು ನೂರಕ್ಕೊಂದು ಯಂತ್ರಕ್ಕೆ, ಆಮೇಲೆ ಹತ್ತಕ್ಕೆ, ಆಮೇಲೆ ಉಳಿದವಕ್ಕೆ ಕಳಿಸುತ್ತವೆ. ಆರು ಡಬ್ಬಿಗಳ ಲಾಡ್ಜಿಗೂ ಇದೇ ನೀತಿ ಸಾಕು. ಜನ ಕಡಿಮೆ ಇರುವ ಮೂಲೆಯ ಡಬ್ಬಿಗೆ ಮೊದಲು ಹಾಕಿ, ಒಂದು ವಾರ ಬಿಟ್ಟು ನೋಡಿ. ಹಳೆಯ ಫೋನ್, ಸಿಸಿ ಕ್ಯಾಮೆರಾ, ಪ್ರಿಂಟರ್ ಎಲ್ಲ ಹತ್ತುತ್ತಿವೆಯೇ ಎಂದು ಪರೀಕ್ಷಿಸಿ, ಆಮೇಲೆ ಉಳಿದವಕ್ಕೆ ಹೋಗಿ. ತಂತಿಯಿಲ್ಲದೆ ಒಂದರಿಂದ ಒಂದಕ್ಕೆ ಜಿಗಿಯುವ ಮೆಶ್ ಜಾಲವಾದರೆ ತುದಿಯ ಡಬ್ಬಿ ಮೊದಲು, ಇಂಟರ್ನೆಟ್ ತಂತಿ ಬಂದು ಸೇರುವ ಬೇರಿನ ಡಬ್ಬಿ ಕೊನೆಗೆ. ಬೇರು ಮೊದಲು ರೀಸ್ಟಾರ್ಟ್ ಆದರೆ ತುದಿಯದು ಅರ್ಧ ಡೌನ್‌ಲೋಡಿನಲ್ಲಿ ನೇತಾಡುತ್ತದೆ. ಸೆಟ್ಟಿಂಗ್‌ಗಳ ಬ್ಯಾಕಪ್ ಕಡತವೊಂದು, ಹಳೆಯ ಫರ್ಮ್‌ವೇರಿನ ಪ್ರತಿಯೊಂದು ಪೆನ್‌ಡ್ರೈವಿನಲ್ಲಿ ಇರಲಿ. ಡಬ್ಬಿಯ ಅಡಿಯ ಚೀಟಿಯಲ್ಲಿ ಮಾದರಿಯ ಹೆಸರಿನ ಪಕ್ಕ ‘ವಿ’ ಎಂದು ಬರೆದು ಒಂದು ಸಂಖ್ಯೆ ಇರುತ್ತದೆ. ಹೆಸರು ಒಂದೇ ಆದರೂ ವಿ8ರ ಫರ್ಮ್‌ವೇರ್ ವಿ13ಕ್ಕೆ ಆಗುವುದಿಲ್ಲ. ಕೈಯಾರೆ ಹಾಕುವವರು ಹೆಚ್ಚಾಗಿ ಎಡವುವುದು ಇಲ್ಲೇ. ಒಂದು ವಿನಾಯಿತಿ ಇದೆ: ದೋಷವನ್ನು ದಾಳಿಕೋರರು ಈಗಾಗಲೇ ಬಳಸುತ್ತಿದ್ದಾರೆ ಎಂದು ದೇಶದ ಸೈಬರ್ ತುರ್ತು ಸ್ಪಂದನಾ ತಂಡ ಸರ್ಟ್-ಇನ್ ಅಥವಾ ತಯಾರಕರು ಹೇಳಿದರೆ ವಾರ ಕಾಯಬೇಡಿ, ಅಂದೇ ಹಾಕಿ. ಅತಿಥಿಗಳ ವೈಫೈಯನ್ನು ಕ್ಯಾಮೆರಾ, ಬಿಲ್ಲಿಂಗ್ ಜಾಲದಿಂದ ಬೇರೆ ಮಾಡಿಟ್ಟಿದ್ದರೆ ಅರ್ಧ ಹಾನಿ ಅಲ್ಲೇ ತಡೆಯುತ್ತದೆ. ಕಂಪ್ಯೂಟರಿಗೆ ಬಾಟ್ ಸೋಂಕು ತಗುಲಿದೆಯೇ ಎಂದು ಪರೀಕ್ಷಿಸಲು 2017ರ ಫೆಬ್ರುವರಿಯಿಂದ ಸರ್ಟ್-ಇನ್ ನಡೆಸುತ್ತಿರುವ ಸೈಬರ್ ಸ್ವಚ್ಛತಾ ಕೇಂದ್ರ ಉಚಿತ ಸಾಧನಗಳನ್ನು ಕೊಡುತ್ತದೆ. ನಮ್ಮಲ್ಲಿ ಬಳಸುವವರು ಕಡಿಮೆ.

ಮನೆಗೆ ಫೈಬರ್ ಕೊಟ್ಟ ಕಂಪನಿಯ ಮೋಡೆಮ್ ಆದರೆ ಫರ್ಮ್‌ವೇರ್ ನಿಮ್ಮ ಕೈಯಲ್ಲಿ ಇಲ್ಲ, ಅದನ್ನು ಕಂಪನಿಯೇ ದೂರದಿಂದ ಕಳಿಸಬೇಕು. ಅಲ್ಲಿ ಗ್ರಾಹಕರು ಕೇಳಬಹುದಾದದ್ದು ಒಂದು ಪ್ರಶ್ನೆ: ಕೊನೆಯ ಸಲ ಯಾವಾಗ ಕಳಿಸಿದಿರಿ? ಉತ್ತರ ಬರದಿದ್ದರೆ ಅದೇ ಉತ್ತರ.

ಕಾನೂನು ಎಲ್ಲಿದೆ ಎಂದರೆ, 2024ರ ಏಪ್ರಿಲ್ 29ರಿಂದ ಬ್ರಿಟನ್ನಿನಲ್ಲಿ ಎಲ್ಲಕ್ಕೂ ಒಂದೇ ಕಾರ್ಖಾನೆ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ, ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಬೇಕು. ಯುರೋಪಿನ ಸೈಬರ್ ರೆಸಿಲಿಯನ್ಸ್ ಕಾಯ್ದೆ 2027ರ ಡಿಸೆಂಬರ್ 11ರಿಂದ ಪೂರ್ತಿ ಜಾರಿಗೆ ಬರುತ್ತದೆ, ಸಾಮಾನ್ಯವಾಗಿ ಕನಿಷ್ಠ ಐದು ವರ್ಷದ ಬೆಂಬಲ ಕೇಳುತ್ತದೆ. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಬೆಂಗಳೂರಿನಲ್ಲೇ ಇದೆ. ವೈಫೈ ಸಾಧನಗಳಿಗೆ ಭದ್ರತಾ ಮಾನದಂಡವನ್ನೂ ಅದು ರೂಪಿಸಿದೆ. ಆದರೆ ಆ ಮಾನದಂಡ ಹೊಸ ಸರಕಿಗೆ. ಈಗಾಗಲೇ ಗೋಡೆಗೆ ಮೊಳೆ ಹೊಡೆದು ಕೂರಿಸಿರುವುದನ್ನು ನೋಡಿಕೊಳ್ಳುವವರು ಅದರ ಮಾಲೀಕರೇ.

ಪಂಚಾಯಿತಿ, ಶಾಲೆ, ಎಪಿಎಂಸಿಗಳಲ್ಲಿ ಟೆಂಡರ್ ಬರೆಯುವವರಲ್ಲಿ ನನ್ನ ಕೋರಿಕೆ: ಡಬ್ಬಿಯ ಬೆಲೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ. ಯಾವ ದಿನಾಂಕದವರೆಗೆ ಫರ್ಮ್‌ವೇರ್ ಬರುತ್ತದೆ, ಅದನ್ನು ಹಾಕುವ ಹೊಣೆ ಯಾರದು, ಕೆಟ್ಟರೆ ಎಷ್ಟು ಗಂಟೆಯಲ್ಲಿ ಬದಲಿ ಡಬ್ಬಿ ಬರಬೇಕು ಎಂಬುದನ್ನು ಅಲ್ಲಿ ಬರೆಯಿಸಿಕೊಳ್ಳಿ. ಹೋಂಸ್ಟೇ, ಅಂಗಡಿಗಳವರು ಈ ವಾರವೇ ಡಬ್ಬಿ ತಿರುಗಿಸಿ ಚೀಟಿಯ ಸಂಖ್ಯೆ ಬರೆದುಕೊಂಡು, ತಯಾರಕರ ಜಾಲತಾಣದಲ್ಲಿ ಆ ಮಾದರಿಗೆ ಕೊನೆಯ ಫರ್ಮ್‌ವೇರ್ ಬಂದ ದಿನಾಂಕ ನೋಡಿ. ಅದಾಗಿ ಮೂರು ವರ್ಷ ಕಳೆದಿದ್ದರೆ ಮುಂದಿನ ಪ್ರವಾಸಿ ಸೀಸನ್ನಿಗೆ ಮೊದಲು ಹೊಸ ಡಬ್ಬಿ ತನ್ನಿ.